ಅಣಕ ಮೊದಲು ನೋಡಿದೆ, ಅಸಲಿ ಆಮೇಲೆ: ಟಿವಿ ಕಾರ್ಟೂನುಗಳು ಮತ್ತು ಹಳೆಯ ಹಾಲಿವುಡ್

ಹಳೇರೀಲು

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆಯಲ್ಲಿರುವ ಒಂದು ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ.

ನಾನು ‘ಸಿಟಿಜನ್ ಕೇನ್’ ನೋಡಿದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ. ಅದಕ್ಕೂ ಹನ್ನೆರಡು ವರ್ಷ ಮೊದಲೇ ಅದರ ಅಣಕ ನೋಡಿಬಿಟ್ಟಿದ್ದೆ. ಕೇಬಲ್‌ನಲ್ಲಿ ‘ದಿ ಸಿಂಪ್ಸನ್ಸ್’ ಎಂಬ ಅಮೆರಿಕದ ಕಾರ್ಟೂನ್ ಬರುತ್ತಿತ್ತಲ್ಲ, ಅದರಲ್ಲಿ. 1993ರ ‘ರೋಸ್‌ಬಡ್’ ಎಂಬ ಕಂತು. ಅಣುವಿದ್ಯುತ್ ಸ್ಥಾವರದ ಮುದಿ ಮಾಲೀಕ ಬರ್ನ್ಸ್ ನಿದ್ದೆಯಲ್ಲಿ ‘ಬೋಬೋ’ ಎಂದು ಗೊಣಗುತ್ತಾನೆ. ಕೈಯಲ್ಲಿದ್ದ ಗಾಜಿನ ಗೋಳ ಜಾರಿ ಬಿದ್ದು ಒಡೆಯುತ್ತದೆ. ಬೋಬೋ ಅಂದರೆ ಅವನು ಚಿಕ್ಕವನಿದ್ದಾಗ ಬಿಟ್ಟುಬಂದ ಕರಡಿ ಗೊಂಬೆ. ಹದಿನಾಲ್ಕರ ಹುಡುಗನಿಗೆ ಅಷ್ಟೇ ಸಾಕಾಗಿತ್ತು. ಬಿದ್ದು ಬಿದ್ದು ನಕ್ಕಿದ್ದೆ.

ಆಮೇಲೆ ಆರ್ಸನ್ ವೆಲ್ಸ್ ಅವರ 1941ರ ಸಿನಿಮಾ ಹಾಕಿಕೊಂಡು ಕೂತೆ. ಕತ್ತಲು. ಬೇಲಿ. ಬೇಲಿಯ ಮೇಲೆ ‘ಒಳಗೆ ಬರಬಾರದು’ ಎಂಬ ಫಲಕ. ಕ್ಯಾಮೆರಾ ಬೇಲಿ ಹತ್ತುತ್ತಾ ಹೋಗುತ್ತದೆ. ದೂರದಲ್ಲಿ ದೊಡ್ಡ ಬಂಗಲೆ, ಒಂದೇ ಒಂದು ಕಿಟಕಿಯಲ್ಲಿ ದೀಪ. ದೃಶ್ಯ ಬದಲಾಗುತ್ತಾ ಬಂಗಲೆ ಹತ್ತಿರವಾದರೂ ಆ ದೀಪ ಪರದೆಯಲ್ಲಿ ಇದ್ದ ಜಾಗದಲ್ಲೇ ಇರುತ್ತದೆ. ನೀವು ಗಮನಿಸಿದ್ದೀರಾ? ಆಮೇಲೆ ತುಟಿ, ‘ರೋಸ್‌ಬಡ್’ ಎಂಬ ಪಿಸುಮಾತು, ಕೈಯಿಂದ ಉರುಳುವ ಗಾಜಿನ ಗೋಳ. ನನ್ನ ಬಾಯಲ್ಲಿ ಬಂದ ಮಾತು ‘ಬೋಬೋ’. ಆದರೆ ನಗು ಬರಲಿಲ್ಲ. ಗಂಟಲು ಕಟ್ಟಿತು. ಆ ಮುದುಕನಿಗೆ ಏನು ಬೇಕಾಗಿದೆ ಎಂದು ನನಗೆ ಮೊದಲೇ ಗೊತ್ತಿತ್ತು. ಎರಡು ಗಂಟೆ ಪೂರ್ತಿ ಆ ಸಂಕಟದಲ್ಲೇ ನೋಡಿದೆ.

ಸಿನಿಮಾ ಪ್ರೀತಿಸುವ ಗೆಳೆಯರು ಇದಕ್ಕೆ ‘ಛೇ, ಹಾಳು ಮಾಡಿಕೊಂಡೆ’ ಅಂತಾರೆ. ನನಗೆ ಹಾಗನ್ನಿಸಲ್ಲ. ಕೇನ್ ಸಾಯುತ್ತಾನೆ, ಅವನು ಹಂಬಲಿಸಿದ ‘ರೋಸ್‌ಬಡ್’, ಅಂದರೆ ಚಿಕ್ಕಂದಿನಲ್ಲಿ ಹಿಮದ ಮೇಲೆ ಆಡಿದ ಜಾರುಬಂಡಿಯನ್ನು ಯಾರೋ ಕೆಲಸದವರು ಬೇಡದ ಸಾಮಾನಿನ ಜೊತೆ ಬೆಂಕಿಗೆ ಎಸೆಯುತ್ತಾರೆ. ಕಾರ್ಟೂನಿನಲ್ಲಿ ಕರಡಿ ಸಾಗರ ದಾಟಿ, ಹಿಮದಲ್ಲಿ ಹೂತು, ಕೊನೆಗೆ ಐಸ್ ಚೀಲದೊಳಗೆ ಸಿಂಪ್ಸನ್ ಮನೆಗೇ ಬಂದು ಸೇರುತ್ತದೆ. ಮಾತು ಬಾರದ ಪುಟ್ಟ ಮ್ಯಾಗಿ ಅದನ್ನು ಮುದುಕನಿಗೆ ತಾನಾಗಿ ಕೊಡುತ್ತಾಳೆ. ಕೇನ್‌ಗೆ ಸಿಗದೇ ಹೋದದ್ದು ಬರ್ನ್ಸ್‌ಗೆ ಸಿಗುತ್ತದೆ. ಇದು ಬರೀ ಗೇಲಿ ಅಲ್ಲ. ಮೂಲ ಸಿನಿಮಾ ನೋಡಿ ನೊಂದ ಯಾರೋ ಐವತ್ತು ವರ್ಷದ ನಂತರ ಅದಕ್ಕೆ ಕೊಟ್ಟ ಉತ್ತರ ಎಂದು ನನ್ನ ನಂಬಿಕೆ.

ನಿಮಗೂ ಹೀಗಾಗಿದೆಯಾ? ಅಣಕ ಮೊದಲು, ಅಸಲಿ ಆಮೇಲೆ?

ನೇರನುಡಿ

ಹಳೇರೀಲು ಅವರೇ, ಬರಹ ಚೆನ್ನಾಗಿದೆ. ಆದರೆ ನಾನು ಒಪ್ಪಲ್ಲ.

ಅಣಕವಾಡು ಅಂದರೆ ನಮಗೆಲ್ಲ ಗೊತ್ತು. ಭಾವಗೀತೆಯ ಧಾಟಿ ಹಿಡಿದು ಬೇರೆ ಸಾಲು ಕೂರಿಸುತ್ತಾರೆ. ಮೂಲ ಹಾಡು ಕಿವಿಯಲ್ಲಿ ಇಲ್ಲದವನಿಗೆ ಅದು ಬರೀ ಪ್ರಾಸ. ಕಾರ್ಟೂನಿಗೂ ಇದೇ ಮಾತು. ಮೂಲ ನೋಡದೆ ನಕ್ಕರೆ ನೀವು ನಕ್ಕಿದ್ದು ಬೇರೆ ಯಾವುದಕ್ಕೋ. ಮೂಲ ನೋಡಿ ನಕ್ಕರೆ ಅದು ‘ಓ, ಇದು ಅಲ್ಲಿಂದ ಬಂದದ್ದು’ ಎಂದು ಗುರುತು ಹಿಡಿದ ಖುಷಿ. ಆ ಖುಷಿ ಒಂದು ಕ್ಷಣದ್ದು. ಈಗಿನ ಕಾರ್ಟೂನುಗಳಲ್ಲಿ ನಿಮಿಷಕ್ಕೆ ಮೂರು ಸಿನಿಮಾ ತುರುಕುತ್ತಾರೆ. ಯಾವುದರ ಬಗ್ಗೆಯೂ ಹೇಳಲು ಏನೂ ಇರಲ್ಲ. ಪೋಸ್ಟರ್ ತೋರಿಸಿದ ಹಾಗೆ ತೋರಿಸಿ ಮುಂದೆ ಹೋಗುತ್ತಾರೆ.

ಶನಿವಾರದ ಕಾರ್ಟೂನ್

ಇದು ಸಿಂಪ್ಸನ್ಸ್‌ನಿಂದ ಶುರುವಾಗಿದ್ದಲ್ಲ. ಚಿತ್ರಮಂದಿರಗಳಲ್ಲಿ ಸಿನಿಮಾಗೆ ಮೊದಲು ಕಾರ್ಟೂನ್ ಹಾಕುತ್ತಿದ್ದ ಕಾಲದಿಂದಲೂ ಇದೆ. 1950ರ ‘8 ಬಾಲ್ ಬನ್ನಿ’ ನೋಡಿ. ಬಗ್ಸ್ ಬನ್ನಿ ಒಂದು ಪೆಂಗ್ವಿನ್ ಮರಿಯನ್ನು ಮನೆ ಸೇರಿಸಲು ಹೊರಟಿದೆ. ದಾರಿಯುದ್ದಕ್ಕೂ ಹರಿದ ಬಟ್ಟೆಯ ಹಂಫ್ರಿ ಬೋಗಾರ್ಟ್ ಎದುರಾಗಿ ಕಾಸು ಕೇಳುತ್ತಾನೆ. 1948ರ ‘ದಿ ಟ್ರೆಷರ್ ಆಫ್ ದಿ ಸಿಯೆರಾ ಮಾಡ್ರೆ’ಯಲ್ಲಿ ಬೋಗಾರ್ಟ್ ಹೀಗೇ ಒಬ್ಬನ ಬಳಿ ಮತ್ತೆ ಮತ್ತೆ ಕೈ ಚಾಚುತ್ತಾನೆ. ಆ ಒಬ್ಬ ಯಾರು ಗೊತ್ತಾ? ಸಿನಿಮಾದ ನಿರ್ದೇಶಕ ಜಾನ್ ಹ್ಯೂಸ್ಟನ್ ಅವರೇ. ಎರಡೇ ವರ್ಷದಲ್ಲಿ ಮೊಲದ ಮುಂದೆ ನಿಂತು ಅದೇ ಭಿಕ್ಷೆ!

ಟಿವಿಗೆ ಬಂದರೆ ‘ದಿ ಫ್ಲಿಂಟ್‌ಸ್ಟೋನ್ಸ್’. 1960ರಲ್ಲಿ ಶುರುವಾಯಿತು. ಎಲ್ಲವನ್ನೂ ಶಿಲಾಯುಗಕ್ಕೆ ಒಯ್ದು ಇಡುವುದೇ ಅದರ ಆಟ. ನಟಿ ಆನ್ ಮಾರ್ಗ್ರೆಟ್ ಅಲ್ಲಿ ‘ಆನ್ ಮಾರ್ಗ್‌ರಾಕ್’. ಟೋನಿ ಕರ್ಟಿಸ್ ‘ಸ್ಟೋನಿ ಕರ್ಟಿಸ್’. ಇಬ್ಬರೂ ತಮ್ಮ ಪಾತ್ರಕ್ಕೆ ತಾವೇ ದನಿ ಕೊಟ್ಟರು. 1961ರಲ್ಲಿ ‘ಆಲ್ವಿನ್ ಬ್ರಿಕ್‌ರಾಕ್’ ಎಂಬ ನೆರೆಮನೆಯವನು ಬರುತ್ತಾನೆ. ನೋಡಲು ಥೇಟ್ ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್. ಹೆಂಡತಿಯನ್ನು ಕೊಂದಿರಬೇಕು ಎಂದು ಕಥಾನಾಯಕ ಫ್ರೆಡ್‌ಗೆ ಅನುಮಾನ. ಅಂದರೆ ಕಿಟಕಿಯಿಂದ ನೆರೆಯವನ ಮೇಲೆ ಕಣ್ಣಿಡುವ ಕಥೆಯನ್ನು ಕಾರ್ಟೂನಿನವರು ಸಿಂಪ್ಸನ್ಸ್‌ನ ಹುಡುಗ ಬಾರ್ಟ್ ಹುಟ್ಟುವ ಎಷ್ಟೋ ಮೊದಲೇ ಅಣಕಿಸಿದ್ದರು.

ಪೆನ್ಸಿಲ್‌ತುದಿ

ಬೆಂಗಳೂರಿನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಸ್ಟೋರಿಬೋರ್ಡ್, ಅಂದರೆ ಕಥೆಯ ದೃಶ್ಯಗಳನ್ನು ಮೊದಲು ಚಿತ್ರವಾಗಿ ಬರೆದಿಡುವ ಕೆಲಸ ಮಾಡುತ್ತೇನೆ. ನೇರನುಡಿ ಅವರ ‘ಗುರುತು ಹಿಡಿಸುವುದು’ ಎಂಬ ಮಾತಿಗೆ ಕೈಕೆಲಸದವನಾಗಿ ಉತ್ತರ ಕೊಡುತ್ತೇನೆ.

ಕಿಟಕಿ ಮಾತು ಬಂತಲ್ಲ, ಅದನ್ನೇ ತೆಗೆದುಕೊಳ್ಳಿ. ಹಿಚ್‌ಕಾಕ್ ಅವರ 1954ರ ‘ರಿಯರ್ ವಿಂಡೋ’. ಜೇಮ್ಸ್ ಸ್ಟುವರ್ಟ್ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲೇ ಕೂತಿದ್ದಾರೆ. ಸುಮ್ನೆ ಕೂರಲಾಗದೆ ಎದುರು ಮನೆಗಳನ್ನು ನೋಡುತ್ತಾರೆ. ಒಬ್ಬ ನೆರೆಯವನು ಹೆಂಡತಿಯನ್ನು ಕೊಂದ ಹಾಗೆ ಕಾಣುತ್ತದೆ. ಕ್ಯಾಮೆರಾ ಹೆಚ್ಚುಕಡಿಮೆ ಆ ಕೋಣೆ ಬಿಟ್ಟು ಹೊರಗೆ ಹೋಗಲ್ಲ. ಅವನಿಗೆ ಎಷ್ಟು ಕಾಣುತ್ತದೋ ನಮಗೂ ಅಷ್ಟೇ.

1994ರ ‘ಬಾರ್ಟ್ ಆಫ್ ಡಾರ್ಕ್‌ನೆಸ್’ ಕಂತಿನಲ್ಲಿ ಬಾರ್ಟ್‌ನ ಕಾಲು ಮುರಿಯುತ್ತದೆ. ಬೇಸಿಗೆ ರಜೆ. ಎಲ್ಲ ಹುಡುಗರೂ ಈಜುಕೊಳದಲ್ಲಿ. ಇವನು ಕೋಣೆಯಲ್ಲಿ ಒಬ್ಬನೇ, ಕೈಯಲ್ಲಿ ದೂರದರ್ಶಕ. ಪಕ್ಕದ ಮನೆಯ ಸಾಧು ಮನುಷ್ಯ ಫ್ಲಾಂಡರ್ಸ್ ಹೆಂಡತಿಯನ್ನು ಕೊಂದುಬಿಟ್ಟನೇನೋ ಎಂದು ಹೆದರುತ್ತಾನೆ. ಮೂಲದಲ್ಲಿ ಗ್ರೇಸ್ ಕೆಲಿ ಪಾತ್ರದ ಹೆಸರು ಲೀಸಾ. ಅವಳೇ ಕೊಲೆಗಾರನ ಮನೆಯೊಳಗೆ ನುಗ್ಗುವವಳು. ಇಲ್ಲಿ ಬಾರ್ಟ್‌ನ ತಂಗಿಯ ಹೆಸರೂ ಲೀಸಾ. ಅವಳೂ ನುಗ್ಗುತ್ತಾಳೆ. ಅಷ್ಟರಲ್ಲಿ ಫ್ಲಾಂಡರ್ಸ್ ಕೈಯಲ್ಲಿ ಕೊಡಲಿ ಹಿಡಿದು ವಾಪಸ್ ಬರುತ್ತಾನೆ. ಬಾರ್ಟ್‌ಗೆ ಕಾಣುತ್ತದೆ, ಎದ್ದು ಓಡಲು ಕಾಲಿಲ್ಲ.

ಹೊಸದಾಗಿ ಸೇರಿದ ಹುಡುಗರಿಗೆ ಪಾಠ ಹೇಳುವಾಗ ನಾನು ಈ ಎರಡು ದೃಶ್ಯಗಳನ್ನು ಅಕ್ಕಪಕ್ಕ ನಿಲ್ಲಿಸಿ ತೋರಿಸುತ್ತೇನೆ. ಮೊದಲು ನೋಡುವವನ ಮುಖ. ಆಮೇಲೆ ಅವನು ನೋಡುತ್ತಿರುವುದು. ಮತ್ತೆ ಅವನ ಮುಖ. ಈ ಮೂರರ ಕಟ್ಟಿನಲ್ಲೇ ಹಿಚ್‌ಕಾಕ್ ಭಯ ಹುಟ್ಟಿಸುತ್ತಿದ್ದರು. ಸಿಂಪ್ಸನ್ಸ್ ತಂಡ ಆ ಕಟ್ಟನ್ನು ಮುರಿಯಲಿಲ್ಲ. ಹಾಗಾಗಿ ಹಳದಿ ಮುಖದ, ನಾಲ್ಕು ಬೆರಳಿನ ಹುಡುಗನಿಗಾಗಿಯೂ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಮೂಲ ನೋಡದವರ ಎದೆಯೂ. ಕೊನೆಗೆ ಸತ್ತದ್ದು ಹೆಂಡತಿ ಅಲ್ಲ, ಅವಳ ಪ್ರೀತಿಯ ಗಿಡ. ಫ್ಲಾಂಡರ್ಸ್ ನೀರು ಜಾಸ್ತಿ ಹಾಕಿ ಸಾಯಿಸಿದ್ದ. ನಗು ಅಲ್ಲಿ ಬರುತ್ತದೆ. ಭಯ ನಿಜವಾಗಿದ್ದರೆ ಮಾತ್ರ ಆ ನಗು ಅಷ್ಟು ಜೋರಾಗಿ ಬರುತ್ತದೆ.

ಇನ್ನೊಂದು ಮಾತು. ಸಿನಿಮಾದಲ್ಲಿ ನೆರಳು ಬೇಕೆಂದರೆ ದೀಪ ಸರಿಸಿದರೆ ಸಾಕು. ನಮಗೆ ನೆರಳು ಅಂದರೆ ಪ್ರತಿಯೊಂದು ಚಿತ್ರದಲ್ಲೂ ಬೇರೆ ಬಣ್ಣ. ಸಿಂಪ್ಸನ್ಸ್ ಮುಖಗಳಿಗೆ ಮಾಮೂಲಿಯಾಗಿ ನೆರಳೇ ಇರಲ್ಲ, ಚಪ್ಪಟೆ ಹಳದಿ. ಹಳೆಯ ಸಿನಿಮಾದ ಅಣಕ ಬಂದಾಗ ಕೋಣೆ ನೀಲಿಯಾಗುತ್ತದೆ, ಅರ್ಧ ಮುಖ ಕತ್ತಲಾಗುತ್ತದೆ. ಆ ಕಾಲದಲ್ಲಿ ಇದೆಲ್ಲ ಪಾರದರ್ಶಕ ಹಾಳೆಯ ಮೇಲೆ ಕೈಯಿಂದ ಬಣ್ಣ ಹಚ್ಚಿದ್ದು. ಅಮೆರಿಕದಲ್ಲಿ ಬೋರ್ಡ್ ಮತ್ತು ಮುಖ್ಯ ಭಂಗಿಗಳು, ಉಳಿದದ್ದು ದಕ್ಷಿಣ ಕೊರಿಯಾದ ಸ್ಟುಡಿಯೋಗಳಲ್ಲಿ. ಒಂದು ಕ್ಷಣದ ಗುರುತಿಗಾಗಿ ಯಾರೂ ಅಷ್ಟು ಕಷ್ಟ ಪಡಲ್ಲ.

ಪಿಟೀಲುಪ್ರಿಯೆ

ಎಲ್ಲರೂ ಚಿತ್ರದ ಬಗ್ಗೆ ಮಾತಾಡುತ್ತಿದ್ದೀರಿ. ಕಣ್ಣು ಮುಚ್ಚಿಕೊಂಡು ಕೇಳಿದ್ದೀರಾ?

ಆಲ್ಫ್ ಕ್ಲಾಸೆನ್ ಎಂಬ ಸಂಗೀತಗಾರರು 1990ರಿಂದ 2017ರವರೆಗೆ ಸಿಂಪ್ಸನ್ಸ್‌ಗೆ ಸಂಗೀತ ಬರೆದರು. ಕೀಬೋರ್ಡ್ ಒಂದರಲ್ಲಿ ಮುಗಿಸಬಹುದಾದ ಕೆಲಸಕ್ಕೆ 35 ಮಂದಿಯ ವಾದ್ಯವೃಂದ ಕೂರಿಸುತ್ತಿದ್ದರು. ಅವರ ಸಂಗೀತ ನಗಿಸಲು ಹೋಗುತ್ತಿರಲಿಲ್ಲ. ಪಾತ್ರಗಳು ಏನೇ ಹುಚ್ಚಾಟ ಆಡಲಿ, ವಾದ್ಯಗಳು ದೊಡ್ಡ ಸಿನಿಮಾಗೆ ನುಡಿಸುವಷ್ಟೇ ಗಂಭೀರವಾಗಿ ನುಡಿಯುತ್ತಿದ್ದವು. ಅಣಕದ ಅರ್ಧ ಬಲ ಅಲ್ಲಿದೆ ಎಂದು ನಾನು ಖಂಡಿತ ಹೇಳುತ್ತೇನೆ.

ಒಂದು ಎಳೆ ಹಿಡಿದು ತೋರಿಸುತ್ತೇನೆ. ಬರ್ನಾರ್ಡ್ ಹರ್ಮನ್ ಎಂಬ ಸಿನಿಮಾ ಸಂಗೀತಗಾರರು. ‘ಸಿಟಿಜನ್ ಕೇನ್’ ಅವರ ಮೊದಲ ಸಿನಿಮಾ. ಹಿಚ್‌ಕಾಕ್ ಅವರ ‘ಸೈಕೋ’ದ ಚುಚ್ಚುವ ಪಿಟೀಲು ಇವರದ್ದೇ. 1962ರ ‘ಕೇಪ್ ಫಿಯರ್’ಗೂ ಅವರೇ ಸಂಗೀತ ಕೊಟ್ಟರು. 1991ರಲ್ಲಿ ಮಾರ್ಟಿನ್ ಸ್ಕಾರ್ಸೇಸಿ ಅದೇ ಕಥೆಯನ್ನು ಮತ್ತೆ ಮಾಡಿದಾಗ ಹೊಸ ಸಂಗೀತ ಬರೆಸಲಿಲ್ಲ. ಹರ್ಮನ್ ಅವರದ್ದನ್ನೇ ಎಲ್ಮರ್ ಬರ್ನ್‌ಸ್ಟೀನ್ ಹೊಂದಿಸಿಕೊಟ್ಟರು. ಎರಡು ವರ್ಷ ಬಿಟ್ಟು ಸಿಂಪ್ಸನ್ಸ್‌ನ ‘ಕೇಪ್ ಫಿಯರ್’ ಅಣಕ ಬಂತು. ಅಲ್ಲೂ ಅದೇ ನಾಲ್ಕು ಭಾರದ ಸ್ವರಗಳು, ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಇಳಿದ ಹಾಗೆ. ಬಾರ್ಟ್‌ನನ್ನು ಕೊಲ್ಲಲು ಹೊರಟ ಸೈಡ್‌ಶೋ ಬಾಬ್‌ನ ಗುರುತೇ ಆ ಸ್ವರವಾಗಿಬಿಟ್ಟಿತು. ಮುಂದಿನ ಕಂತುಗಳಲ್ಲಿ ಬಾಬ್ ಬಂದಾಗಲೂ ಅದೇ ಕೇಳಿಸುತ್ತದೆ. ಇವತ್ತು ಎಷ್ಟೋ ಜನ ಆ ಸ್ವರ ಕೇಳಿದರೆ ‘ಬಾಬ್ ಬಂದ’ ಅಂತಾರೆ. ಹರ್ಮನ್ ತೀರಿಕೊಂಡದ್ದು 1975ರಲ್ಲಿ. ಅವರ ನಾಲ್ಕು ಸ್ವರ ಮಕ್ಕಳ ಬಾಯಲ್ಲಿ ಬದುಕಿದೆ. ನನಗೆ ಇದು ಬಹಳ ದೊಡ್ಡ ವಿಷಯ.

ನೇರನುಡಿ

ಸಂಗೀತದ ಮಾತು ಒಪ್ಪಿದೆ ಮೇಡಂ. ಅದನ್ನು ನಾನು ಯೋಚಿಸಿರಲಿಲ್ಲ.

ಆದರೆ ನೋಡಿ, ಆ ಕಂತಿನಲ್ಲಿ ಎಲ್ಲರೂ ನೆನಪಿಡುವುದು ಯಾವುದನ್ನು? ಬಾಬ್ ಎಲೆ ಬಾಚುವ ಹಲ್ಲಿನ ಕೋಲನ್ನು ತುಳಿಯುವುದನ್ನು. ಕೋಲು ಎದ್ದು ಮುಖಕ್ಕೆ ಬಡಿಯುತ್ತದೆ. ಗುರ್ ಅಂತಾನೆ. ತಿರುಗುತ್ತಾನೆ, ಇನ್ನೊಂದು ಕೋಲು. ಹೀಗೆ ಒಂಬತ್ತು ಸಲ. ಅದು ಮೂಲ ಸಿನಿಮಾದಲ್ಲಿ ಎಲ್ಲೂ ಇಲ್ಲ. ಕಂತು ಅಳತೆಗೆ ಸಾಲದೆ ಬಂತು ಅಂತ ಉದ್ದ ಮಾಡಿದ್ದು. ಅಂದರೆ ಜನ ನಕ್ಕಿದ್ದು ಅಣಕಕ್ಕಲ್ಲ, ಮುಖಕ್ಕೆ ಬಡಿದ ಕೋಲಿಗೆ.

ಪೆನ್ಸಿಲ್‌ತುದಿ

ಸರ್, ಆ ಕೋಲಿಗೆ ಸ್ವಲ್ಪ ಹಿಂದೆ ಏನಿದೆ ನೋಡಿ. ಸ್ಕಾರ್ಸೇಸಿ ಸಿನಿಮಾದಲ್ಲಿ ರಾಬರ್ಟ್ ಡಿ ನೀರೋ ಕಾರಿನ ಅಡಿಗೆ ತನ್ನನ್ನು ಕಟ್ಟಿಕೊಂಡು, ತಾನು ಬೆನ್ನಟ್ಟುವ ಕುಟುಂಬದ ಹಿಂದೆ ಬರುತ್ತಾನೆ. ನೋಡಿದವರಿಗೆ ಮೈ ನಡುಗುತ್ತದೆ. ಬಾಬ್ ಅದನ್ನೇ ಮಾಡುತ್ತಾನೆ. ಆದರೆ ಬಾರ್ಟ್‌ನ ಅಪ್ಪ ಹೋಮರ್ ಕಾರನ್ನು ರಸ್ತೆ ಉಬ್ಬುಗಳ ಮೇಲೆ ಓಡಿಸುತ್ತಾನೆ, ಕಳ್ಳಿ ಗಿಡಗಳ ಮೇಲೆ ಓಡಿಸುತ್ತಾನೆ. ಕಾರಿನ ಅಡಿ ಮನುಷ್ಯ ಇದ್ದರೆ ಅವನ ಬೆನ್ನಿಗೆ ಏನಾಗಬೇಕು ಎಂದು ಮೂಲ ಸಿನಿಮಾ ಕೇಳಲೇ ಇಲ್ಲ. ಅಣಕ ಕೇಳಿತು. ಕಾರಿನಿಂದ ಹೊರಬಂದು ಎದ್ದು ನಿಂತವನಿಗೆ ಆಮೇಲೆ ಆ ಕೋಲುಗಳು. ಸೋಲದ ರಾಕ್ಷಸನನ್ನು ನೋವಾಗುವ ಮನುಷ್ಯನನ್ನಾಗಿ ಮಾಡುವ ಒಂದೇ ಓಟ ಅದು. ನಮ್ಮ ಯಕ್ಷಗಾನದ ಹಾಸ್ಯಗಾರ ರಾಜನ ನಡಿಗೆ ಅಣಕಿಸುವಾಗಲೂ ಇದೇ ಅಲ್ವಾ ಮಾಡೋದು? ಕಿರೀಟದ ಭಾರಕ್ಕೆ ಕತ್ತು ನೋಯುತ್ತೆ ಅಂತ ತೋರಿಸೋದು.

ಒಹಾಯೋ ಕನ್ನಡತಿ

‘ಈಗಿನ ಕಾರ್ಟೂನು’ ಅಂದಿದ್ದು ‘ಫ್ಯಾಮಿಲಿ ಗೈ’ ಬಗ್ಗೆ ಅಂದುಕೊಂಡೆ. ಅದರ ಪರವಾಗಿ ಎರಡು ಮಾತು ಹೇಳಲೇಬೇಕು. ನಡುನಡುವೆ ಸಂಬಂಧವಿಲ್ಲದ ತುಣುಕು ತುರುಕುತ್ತಾರೆ, ಅದು ನನಗೂ ಕಿರಿಕಿರಿ. ಆದರೆ 2000ದ ‘ರೋಡ್ ಟು ರೋಡ್ ಐಲೆಂಡ್’ ಕಂತು ನೋಡಿ. ಬಾಬ್ ಹೋಪ್ ಮತ್ತು ಬಿಂಗ್ ಕ್ರಾಸ್ಬಿ 1940ರಿಂದ 1962ರವರೆಗೆ ಏಳು ‘ರೋಡ್ ಟು’ ಸಿನಿಮಾ ಮಾಡಿದರು. ಇಬ್ಬರು ಗೆಳೆಯರು ಊರೂರು ಅಲೆಯುತ್ತಾ, ಜಗಳವಾಡುತ್ತಾ, ಹಾಡುತ್ತಾ ಹೋಗುವ ಕಥೆ. ಇಲ್ಲಿ ಆ ಜಾಗದಲ್ಲಿ ಒಂದು ನಾಯಿ, ಒಂದು ಮಗು. ಹಾಡು ಕೂಡ 1942ರ ‘ರೋಡ್ ಟು ಮೊರಾಕೊ’ ಹಾಡಿನ ಅಚ್ಚಿನಲ್ಲೇ ಇದೆ. ಗೇಲಿಗಿಂತ ಪ್ರೀತಿ ಜಾಸ್ತಿ.

ಇಲ್ಲಿನ ಗ್ರಂಥಾಲಯದಲ್ಲಿ ಹಳೆಯ ಡಿವಿಡಿ ಸಿಗುತ್ತವೆ. ನನ್ನ ಮಗ ಆ ಕಂತು ನೋಡಿದ ಮೇಲೆ ಕಪ್ಪು ಬಿಳುಪು ‘ರೋಡ್ ಟು ಮೊರಾಕೊ’ ತಂದುಕೊಡು ಎಂದು ತಾನೇ ಕೇಳಿದ. ಹದಿಮೂರು ವರ್ಷದ ಹುಡುಗ 1942ರ ಸಿನಿಮಾವನ್ನು ಪೂರ್ತಿ ಕೂತು ನೋಡಿದ. ನಾನು ಹೇಳಿದ್ದರೆ ನೋಡುತ್ತಿದ್ದನಾ?

‘ಸ್ಟಾರ್ ವಾರ್ಸ್’ ಅಣಕ ‘ಬ್ಲೂ ಹಾರ್ವೆಸ್ಟ್’ ಕೂಡ ಹಾಗೇ. 2007ರದ್ದು. ಲ್ಯೂಕಾಸ್‌ಫಿಲ್ಮ್‌ನವರ ಒಪ್ಪಿಗೆ ಪಡೆದು ದೃಶ್ಯಕ್ಕೆ ದೃಶ್ಯ ಹಿಡಿದು ಮಾಡಿದ್ದು.

ಕರಿಕೋಟು

ಒಪ್ಪಿಗೆ ಮಾತು ಬಂದದ್ದಕ್ಕೆ ಚುಟುಕಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಅಣಕಕ್ಕೆ ಪ್ರತಿ ಸಲ ಒಪ್ಪಿಗೆ ಬೇಕಿಲ್ಲ. 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಂದು ಹಾಡಿನ ಮೊಕದ್ದಮೆಯಲ್ಲಿ ಹೇಳಿತು: ಹಣ ಮಾಡಲು ಮಾಡಿದ ಅಣಕವೂ ನ್ಯಾಯವಾದ ಬಳಕೆ (ಫೇರ್ ಯೂಸ್) ಆಗಬಹುದು. ಮುಖ್ಯವಾಗಿ ನೋಡುವುದು ಅದು ಮೂಲದ ಬಗ್ಗೆಯೇ ಏನಾದರೂ ಹೇಳುತ್ತಿದೆಯಾ ಎಂದು. ‘ಫ್ಯಾಮಿಲಿ ಗೈ’ ಮೇಲೂ ಡಿಸ್ನಿಯ ‘ಪಿನೋಕಿಯೊ’ ಹಾಡಿನ ಅಣಕಕ್ಕೆ ದಾವೆ ಬಿತ್ತು. 2009ರಲ್ಲಿ ‘ಫ್ಯಾಮಿಲಿ ಗೈ’ನವರೇ ಗೆದ್ದರು.

ಗಮನಿಸಿ, ನೇರನುಡಿ ಅವರು ಕೇಳುತ್ತಿರುವುದೂ ಇದನ್ನೇ. ಸುಮ್ನೆ ತೋರಿಸಿದರೆ ಸಾಲದು, ಮೂಲದ ಬಗ್ಗೆ ಮಾತಾಡಬೇಕು. ನಮ್ಮ ಹಕ್ಕುಸ್ವಾಮ್ಯ (ಕಾಪಿರೈಟ್) ಕಾಯ್ದೆಯ 52ನೇ ಕಲಮಿನಲ್ಲಿ ಟೀಕೆ, ವಿಮರ್ಶೆಗೆ ಜಾಗ ಇದೆ. ಅಣಕ ಎಂಬ ಪದ ಮಾತ್ರ ಅಲ್ಲಿಲ್ಲ. ಅದು ಸೇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಳೇರೀಲು

ಇಷ್ಟು ಒಳ್ಳೆಯ ಮಾತುಗಳು ಬರುತ್ತವೆ ಎಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ.

ನೇರನುಡಿ ಅವರ ಮೊದಲ ಮಾತು ನನ್ನನ್ನು ಬಿಡಲಿಲ್ಲ. ಮೂಲ ಗೊತ್ತಿಲ್ಲದವರಿಗೆ ಏನು ಸಿಗುತ್ತದೆ? ನೋಡೇಬಿಡೋಣ ಎಂದು ಅಮ್ಮನನ್ನು ಕೂರಿಸಿಕೊಂಡೆ. ಅಮ್ಮ ಸಿಂಪ್ಸನ್ಸ್ ನೋಡಿಲ್ಲ, ಹಿಚ್‌ಕಾಕ್ ಹೆಸರು ಕೇಳಿಲ್ಲ. 28 ವರ್ಷ ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಿ ಆದವರು. ಅದಕ್ಕೇ 1992ರ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಮಾರ್ಜ್’ ಆರಿಸಿದೆ. ಅದರಲ್ಲಿ ತಾಯಿ ನಾಟಕದ ತಾಲೀಮಿಗೆ ಹೋಗುತ್ತಾಳೆ, ಮ್ಯಾಗಿಯನ್ನು ಒಂದು ಶಿಶುವಿಹಾರದಲ್ಲಿ ಬಿಡುತ್ತಾರೆ. ಅಲ್ಲಿ ಮಕ್ಕಳ ಬಾಯಿಂದ ರಬ್ಬರ್ ನಿಪ್ಪಲ್ ಕಿತ್ತುಕೊಂಡು ಬೀಗ ಹಾಕಿ ಇಡುತ್ತಾರೆ. ಮ್ಯಾಗಿ ಉಳಿದ ಮಕ್ಕಳನ್ನು ಸೇರಿಸಿಕೊಂಡು ಅವನ್ನು ವಾಪಸ್ ಪಡೆಯಲು ಹೊರಡುತ್ತಾಳೆ. ಹಿಂದೆ ಎಲ್ಮರ್ ಬರ್ನ್‌ಸ್ಟೀನ್ ಅವರ ‘ದಿ ಗ್ರೇಟ್ ಎಸ್ಕೇಪ್’ ಸಂಗೀತ, 1963ರದ್ದು. ಸಿಕ್ಕಿಬಿದ್ದಾಗ ಅವಳನ್ನು ಒಬ್ಬಳೇ ಕೂರಿಸುತ್ತಾರೆ. ಸ್ಟೀವ್ ಮೆಕ್‌ಕ್ವೀನ್ ಜೈಲಿನಲ್ಲಿ ಮಾಡಿದ ಹಾಗೆ ಅವಳೂ ಗೋಡೆಗೆ ಚೆಂಡು ಎಸೆದು ಹಿಡಿಯುತ್ತಾ ಕೂರುತ್ತಾಳೆ. ಅಮ್ಮ ಅಷ್ಟಕ್ಕೇ ‘ಅಯ್ಯೋ ಪಾಪ, ಆ ಟೀಚರಮ್ಮನಿಗೆ ಮಕ್ಕಳು ಅಂದರೆ ಏನು ಅಂತ ಗೊತ್ತಿಲ್ಲ’ ಎಂದು ಸಿಟ್ಟಾದರು.

ಆಮೇಲೆ ಆ ದೃಶ್ಯ ಬಂತು. ಹೋಮರ್ ಮಗಳನ್ನು ಕರೆದುಕೊಂಡು ಹೋಗಲು ಬಾಗಿಲು ತೆಗೆಯುತ್ತಾನೆ. ಕೋಣೆ ತುಂಬಾ ಮಕ್ಕಳು. ನೆಲದ ಮೇಲೆ, ಕಪಾಟಿನ ಮೇಲೆ, ಎಲ್ಲೆಲ್ಲೂ. ಯಾರೂ ಅಲ್ಲಾಡಲ್ಲ. ಬಾಯಲ್ಲಿ ನಿಪ್ಪಲ್, ಚಪ್ ಚಪ್ ಚಪ್ ಅನ್ನುವ ಸದ್ದು ಮಾತ್ರ. ಎಲ್ಲ ಕಣ್ಣೂ ಹೋಮರ್ ಮೇಲೆ. ಅವನು ಒಂದೊಂದೇ ಹೆಜ್ಜೆ ಇಟ್ಟು ಮ್ಯಾಗಿಯನ್ನು ಎತ್ತಿಕೊಳ್ಳುತ್ತಾನೆ. ಅಮ್ಮ ಟಿವಿಗೆ ಹೇಳಿದರು: ‘ಮೆಲ್ಲಗೆ ಕಾಲಿಡಪ್ಪ, ಒಂದು ಎದ್ದರೆ ಎಲ್ಲಾ ಏಳ್ತವೆ.’ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂಗನವಾಡಿಯಲ್ಲಿ ಊಟ ಆದ ಮೇಲೆ ಚಾಪೆ ಮೇಲೆ ಮಕ್ಕಳು ಮಲಗಿರುತ್ತಿದ್ದವಂತೆ. ಸೀರೆ ನೆರಿಗೆ ಎತ್ತಿ ಹಿಡಿದು ಅವುಗಳ ನಡುವೆ ಹೆಜ್ಜೆ ಇಡುತ್ತಿದ್ದರಂತೆ. ಮೂವತ್ತು ಸೆಕೆಂಡಿನ ದೃಶ್ಯಕ್ಕೆ ನನಗೆ ಗೊತ್ತೇ ಇರದ ಅಮ್ಮನ ಹತ್ತು ವರ್ಷ ಹೊರಗೆ ಬಂತು.

ಮಾರನೇ ದಿನ ಆ ದೃಶ್ಯದ ಮೂಲ, ಹಕ್ಕಿಗಳು ಮನುಷ್ಯರ ಮೇಲೆ ಎರಗುವ ಹಿಚ್‌ಕಾಕ್ ಅವರ 1963ರ ‘ದಿ ಬರ್ಡ್ಸ್’ ಹಾಕಿದೆ. ಶುರುವಿನಲ್ಲೇ ಹಿಚ್‌ಕಾಕ್ ಎರಡು ಬಿಳಿ ನಾಯಿ ಹಿಡಿದು ಅಂಗಡಿಯಿಂದ ಹೊರಗೆ ಬರುತ್ತಾರಲ್ಲ, ಅಮ್ಮ ಥಟ್ಟನೆ ‘ಈ ದಪ್ಪ ಯಜಮಾನರು ನಿನ್ನೆ ಮಕ್ಕಳ ಮನೆ ಹೊರಗೆ ಹೋಗಲಿಲ್ವಾ?’ ಅಂದರು. ಹೌದು, ಕಾರ್ಟೂನಿನಲ್ಲೂ ನಾಯಿ ಹಿಡಿದು ಹೋಗುತ್ತಾರೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಆ ಸಿನಿಮಾದಲ್ಲಿ ಹಿನ್ನೆಲೆ ಸಂಗೀತ ಇಲ್ಲ. ಹಕ್ಕಿಗಳ ಸದ್ದು ಮಾತ್ರ, ಅದರಲ್ಲೂ ಬಹಳಷ್ಟು ವಿದ್ಯುತ್ ವಾದ್ಯದಿಂದ ಹುಟ್ಟಿಸಿದ್ದು. ಕೊನೆಯಲ್ಲಿ ಅವರು ಬಾಗಿಲು ತೆರೆಯುತ್ತಾರೆ. ಜಗಲಿ, ಅಂಗಳ, ಬೇಲಿ, ಎಲ್ಲೆಲ್ಲೂ ಹಕ್ಕಿ. ಗಾಯಗೊಂಡವಳನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಕಾರಿನ ಕಡೆ. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. ‘ಮೆಲ್ಲಗೆ, ಒಂದು ಎದ್ದರೆ ಎಲ್ಲಾ ಏಳ್ತವೆ.’ ನಿನ್ನೆಯ ಮಾತೇ. ಈ ಸಲ ದನಿ ಹೊರಗೆ ಬರಲಿಲ್ಲ, ಬರೀ ಉಸಿರು.

ನೇರನುಡಿ

ಎರಡು ಸಲ ಓದಿದೆ. ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ತುರುಕುವ ಕಾರ್ಟೂನುಗಳ ಬಗ್ಗೆ ಹೇಳಿದ್ದು ಹಾಗೇ ಇರಲಿ. ಆದರೆ ಮೂಲ ಗೊತ್ತಿಲ್ಲದವರ ಬಗ್ಗೆ ನಾನು ಹೇಳಿದ್ದು ತಪ್ಪು.

ಅಮ್ಮನಿಗೆ ಮುಂದಿನ ಶನಿವಾರ ಏನು ತೋರಿಸುತ್ತೀರಿ?

ಹಳೇರೀಲು

ಪೆನ್ಸಿಲ್‌ತುದಿ ಅವರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ‘ರಿಯರ್ ವಿಂಡೋ’ ಬೇಕಂತೆ, ಬಾರ್ಟ್‌ನದ್ದು ಆಮೇಲೆ. ‘ಆ ಪಕ್ಕದ ಮನೆಯವನು ಕೊಂದನೋ ಬಿಟ್ಟನೋ, ಮೊದಲು ಇನ್ನೊಬ್ಬರ ಮನೆ ಕಿಟಕಿ ಹಾಗೆ ನೋಡಬಹುದಾ?’ ಎಂದು ಈಗಲೇ ಕೇಳಿದ್ದಾರೆ.